ಹೊಸ ನೌಕೆಗೆ ಹಳೆಯ ಕಲೆ

ನೀವು ಎಂದಾದರೂ ಮನೆಗಳ ಕಿಟಕಿಗಳನ್ನು ಹೊರಗಿನಿಂದ ನಿಂತು ನೋಡಿದ್ದೀರಾ? ಕಿಟಕಿಗಳಿರುವುದೇ ಒಳಗಿನಿಂದ ಹೊರಗೆ ನೋಡುವುದಕ್ಕಾದ್ದರಿಂದ, ಹೊರಗೆ ನಿಂತು ಅವನ್ನು ನೋಡುವವರನ್ನು ಸಮಾಜ ಅಷ್ಟೇನೂ ಗೌರವದಿಂದ ಕಾಣುವುದಿಲ್ಲವೆಂಬುದು ನನಗೂ ಗೊತ್ತು. ಆದರೂ ಒಂದು ಮಳೆಗಾಲ ಕಳೆದ ಮೇಲೆ, ನೆರೆಹೊರೆಯವರಿಗೆ ಅನುಮಾನ ಬಾರದಷ್ಟು ಹೊತ್ತು, ಹಾಗೆ ನಿಂತು ನೋಡಿ. ಪ್ರತಿ ಕಿಟಕಿಯ ಕೆಳಗಿನ ಎರಡು ಮೂಲೆಗಳಿಂದಲೂ ಒಂದೊಂದು ಕಪ್ಪು ಗೆರೆ ಗೋಡೆಯ ಮೇಲೆ ಇಳಿದಿರುತ್ತದೆ, ಅತ್ತು ಕಾಡಿಗೆ ಕರಗಿದ ಕಣ್ಣುಗಳ ಹಾಗೆ. ಮೇಲೆ ದಟ್ಟವಾಗಿ ಹೊರಟ ಗೆರೆ ಕೆಳಕೆಳಗೆ ಬಂದಂತೆ ತೆಳುವಾಗುತ್ತ ಕೊನೆಗೆ ಗೋಡೆಯ ಬಣ್ಣದಲ್ಲೇ ಲೀನವಾಗಿಬಿಡುತ್ತದೆ. ಇಂದಿರಾನಗರದ ಆಚೆಗಿನ ವಿಮಾ ನೌಕರರ ಬಡಾವಣೆಯಲ್ಲಿ ವರ್ಷಗಟ್ಟಲೆ ಬಾಳಿದ ನನಗೆ ಈ ಗೆರೆಗಳು ಕಣ್ಣಿಗೆ ಬಿದ್ದಿರಲಿಲ್ಲ. ಬೀಳತೊಡಗಿದ್ದು ಮೊಳದುದ್ದದ ಒಂದು ಪ್ಲಾಸ್ಟಿಕ್ ಅಂತರಿಕ್ಷ ನೌಕೆಯ ದೆಸೆಯಿಂದ, ಮತ್ತು ಅದನ್ನು ಕಟ್ಟಿ ನಿಲ್ಲಿಸಿದ ನನ್ನ ಮಾವನವರ ದೆಸೆಯಿಂದ.

ಮಾವ ರಂಗಸ್ವಾಮಿಯವರು ವಿಮಾನಪುರದ ದೊಡ್ಡ ಕಾರ್ಖಾನೆಯಲ್ಲಿ ವಿಮಾನಗಳ ಬಣ್ಣವನ್ನು ಪರೀಕ್ಷಿಸುವ ಅಧಿಕಾರಿಯಾಗಿದ್ದು ನಿವೃತ್ತರಾದವರು. ನಾನು ವಿಮಾ ಕಂಪನಿಯಲ್ಲಿ ಅಪಘಾತಕ್ಕೀಡಾದ ವಾಹನಗಳ ಹಾನಿಯನ್ನು ಅಂದಾಜು ಮಾಡುವವನು. ವಿಮೆಯವನೊಬ್ಬ ವಿಮಾನದವರ ಮನೆಯ ಅಳಿಯನಾದಾಗ ನಡುವೆ ಇದ್ದದ್ದು ಒಂದೇ ಒಂದು ಅಕ್ಷರದ ಅಂತರ. ದುರದೃಷ್ಟಕ್ಕೆ ಆ ಅಕ್ಷರ ‘ನ’ಕಾರವಾಗಿತ್ತು. ಅವರ ಬದುಕಿನ ಗುರಿ ಒಂದು ಗೀರೂ ಇಲ್ಲದ ಮೇಲ್ಮೈ. ನನ್ನ ಅನ್ನದ ಆಧಾರವೇ ಗೀರು, ತಗ್ಗು, ಜಜ್ಜು. ಹೆಣ್ಣು ನೋಡಲು ಹೋದ ದಿನ ಅವರು ನನ್ನನ್ನು ಒಂದು ಸಲ ನೋಡಿದರು, ನನ್ನ ಸ್ಕೂಟರನ್ನು ಎರಡು ಸುತ್ತು ಹಾಕಿ ನೋಡಿದರು. ಹುಡುಗಿ ಒಪ್ಪಿದ್ದರಿಂದ ನಾನು ಪಾರಾದೆ. ಸ್ಕೂಟರು ಇವತ್ತಿಗೂ ಅವರ ಪರೀಕ್ಷೆಯಲ್ಲಿ ತೇರ್ಗಡೆಯಾಗಿಲ್ಲ. ಮದುವೆಯ ಛತ್ರದಲ್ಲಿ ಧಾರೆಯ ಮುಹೂರ್ತ ಸಮೀಪಿಸುತ್ತಿದ್ದಾಗ ಅವರು ಕಂಬವೊಂದರ ಮೇಲೆ ಬೆರಳಾಡಿಸಿ, ಬಣ್ಣ ಸುರಿದು ಗಟ್ಟಿಯಾದ ಜಾಗವನ್ನು ಛತ್ರದ ಮ್ಯಾನೇಜರಿಗೆ ತೋರಿಸುತ್ತಿದ್ದರೆಂದು ನನ್ನ ತಾಯಿ ಬಹಳ ದಿನ ಹೇಳಿಕೊಂಡು ನಗುತ್ತಿದ್ದರು.

ನಗು ಬಾರದ ಸಂಗತಿಯೊಂದು ಆ ಮನೆಯಲ್ಲಿತ್ತು. ನನ್ನ ಹೆಂಡತಿ ವಸುಧಾ ಕಾಲೇಜಿನಲ್ಲಿ ಕೆಡೆಟ್ ಆಗಿದ್ದಾಗ ಗ್ಲೈಡರ್ ಹಾರಿಸುವ ತರಬೇತಿಗೆ ಆಯ್ಕೆಯಾಗಿದ್ದಳು. ಮನೆಯ ಮೇಲೆ ಹಾದುಹೋಗುವ ವಿಮಾನಗಳ ಸದ್ದು ಕೇಳಿಯೇ ಅದು ಯಾವುದೆಂದು ಹೇಳುತ್ತ ಬೆಳೆದ ಹುಡುಗಿ ಆಕೆ. ಮಾವ ಬೇಡವೆಂದರು. ಕಾರಣ ಕೇಳಿದರೂ ಹೇಳಲಿಲ್ಲ. ಅವಳು ಅಳಲಿಲ್ಲ, ಊಟ ಬಿಡಲಿಲ್ಲ, ಗಣಿತ ಓದಿ ಹೈಸ್ಕೂಲಿನಲ್ಲಿ ಟೀಚರಾದಳು. ಆದರೆ ಅಂದಿನಿಂದ ಅಪ್ಪನೊಡನೆ ಅವಳ ಮಾತು ಊಟ, ಔಷಧಿ, ಕರೆಂಟು ಹೋದದ್ದು, ಇಷ್ಟಕ್ಕೇ ಸೀಮಿತವಾಯಿತು. ಜಗಳವಾಡುವ ತಂದೆಮಕ್ಕಳನ್ನು ನಾನು ನೋಡಿದ್ದೇನೆ, ಅವರನ್ನು ಸಮಾಧಾನಪಡಿಸಬಹುದು. ಸಭ್ಯವಾಗಿ ದೂರವಿರುವವರ ನಡುವೆ ಕೂತು ಕಾಫಿ ಕುಡಿಯುವುದು ಮಾತ್ರ ಕಷ್ಟ.

ಇನ್ನು ನೌಕೆಯ ಕಥೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಗೌರಿಹಬ್ಬದ ಮುನ್ನ ಹೂವು ಹಣ್ಣು ತರಲೆಂದು ರಸೆಲ್ ಮಾರುಕಟ್ಟೆಗೆ ಹೋದವನು ಶಿವಾಜಿನಗರದ ಒಂದು ಓಣಿಯಲ್ಲಿ ದಾರಿ ತಪ್ಪಿದೆ. ದಾರಿ ತಪ್ಪಿದೆ ಎನ್ನುವುದು ಮನೆಯಲ್ಲಿ ಹೇಳಿದ ಮಾತು. ಹಳೆಯ ವಿದೇಶಿ ಸಾಮಾನುಗಳನ್ನು ರಾಶಿ ಹಾಕಿಕೊಂಡು ಮಾರುವ ಆ ಓಣಿಗೆ ನನ್ನ ಕಾಲುಗಳು ಕಣ್ಣು ಮುಚ್ಚಿಕೊಂಡು ಹೋಗುತ್ತವೆ. ಹಳೆಯ ಕ್ಯಾಮೆರಾಗಳ ಕೆಳಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಸಿಕ್ಕಿತು. ಮುಚ್ಚಳದ ಮೇಲೆ ಯಾವುದೋ ಕೆಂಪು ಗ್ರಹದ ಮುಂದೆ ತೇಲುತ್ತಿರುವ ದಪ್ಪ ಹೊಟ್ಟೆಯ ಅಂತರಿಕ್ಷ ನೌಕೆ, ಸುತ್ತ ಜಪಾನೀ ಲಿಪಿ. ಒಳಗೆ ನೂರಾರು ಬಿಡಿಭಾಗಗಳು ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡಂತೆಯೇ ಇದ್ದವು. ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿ ನೌಕೆ ಮಾಡಿಕೊಳ್ಳುವುದು ಕೊಂಡವನ ಪಾಡು. ಅಂಗಡಿಯ ಸಾಹೇಬರು ಇದರಲ್ಲಿ ಏನೂ ಕಮ್ಮಿಯಿಲ್ಲ, ಜೋಡಿಸುವ ತಾಳ್ಮೆ ಮಾತ್ರ ಒಳಗಿಲ್ಲ ಎಂದು ದಖನಿ ಉರ್ದುವಿನಲ್ಲಿ ಹೇಳಿ ನಕ್ಕರು. ಸೇವಂತಿಗೆಯ ಜೊತೆಗೆ ಅಂತರಿಕ್ಷ ನೌಕೆಯನ್ನೂ ಹಿಡಿದು ಮನೆಗೆ ಬಂದೆ. ವಸುಧಾ ಸೇವಂತಿಗೆಯನ್ನು ಒಳಗೆ ಕರೆದುಕೊಂಡಳು.

ಸಾಹೇಬರ ಮಾತು ನಿಜವಾಯಿತು. ಚಿತ್ರಗಳನ್ನು ನೋಡಿಕೊಂಡು ನಾನು ಜೋಡಿಸುತ್ತ ಹೋದಂತೆ ನೌಕೆಯ ಮೈಮೇಲೆಲ್ಲ ಅಂಟಿನಲ್ಲಿ ಒತ್ತಿದ ನನ್ನ ಬೆರಳಚ್ಚುಗಳು ಮೂಡಿದವು. ಭಾಗಭಾಗಗಳ ನಡುವೆ ಇರುವೆ ನುಗ್ಗುವಷ್ಟು ಬಿರುಕು. ಇಂಜಿನಿನ ಕೊಳವೆಯೊಂದು ಆಕಾಶ ನೋಡುತ್ತಿತ್ತು. ಒಬ್ಬ ಪತ್ತೇದಾರನಿಗೆ ಇಷ್ಟು ಸಾಕ್ಷ್ಯ ಒಂದೇ ಕಡೆ ಸಿಕ್ಕಿದ್ದರೆ ಅವನು ಅಂದೇ ನಿವೃತ್ತನಾಗಬಹುದಿತ್ತು. ‘ನಿಮ್ಮ ಕೆಲಸಕ್ಕೆ ಸರಿಯಾಗೇ ಇದೆ ಬಿಡಿ, ಆಕ್ಸಿಡೆಂಟ್ ಆದ ಮೇಲೇ ಕಟ್ಟಿದ ಹಾಗಿದೆ’ ಎಂದು ವಸುಧಾ ತನ್ನ ಅಂದಾಜನ್ನು ಒಪ್ಪಿಸಿ ಉತ್ತರ ಪತ್ರಿಕೆಗಳನ್ನು ತಿದ್ದಲು ಹೋದಳು.

ಹೀಗಿರುವಾಗ ಒಂದು ಭಾನುವಾರ ಮಾವ ಅತ್ತೆಯೊಡನೆ ಮನೆಗೆ ಬಂದರು. ನಿವೃತ್ತಿಯ ನಂತರ ಅವರು ಮಹದೇವಪುರದ ಕಡೆ ಒಂದು ಪುಟ್ಟ ಮನೆ ಕಟ್ಟಿಸಿಕೊಂಡಿದ್ದರು. ಮನೆಯ ಗೇಟಿಗೆ ತಾವೇ ಬಣ್ಣ ಹೊಡೆದಿದ್ದರು, ಅಕ್ಕಪಕ್ಕದ ಗೇಟುಗಳಿಗೂ ಹೊಡೆದುಕೊಟ್ಟಿದ್ದರು. ಮುಂದೆ ಬೀದಿಯಲ್ಲಿ ಗೇಟುಗಳು ಮುಗಿದಿದ್ದವು. ಸೋಫಾದಲ್ಲಿ ಕೂತವರ ದೃಷ್ಟಿ ಟೀಪಾಯಿಯ ಮೇಲಿನ ನನ್ನ ನೌಕೆಯ ಮೇಲೆ ಬಿತ್ತು. ಕಾಫಿ ಆರುವವರೆಗೂ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆ ಮುಖದಲ್ಲಿದ್ದದ್ದು ಕೋಪವಲ್ಲ, ಮರುಕ; ವೈದ್ಯರು ತಡವಾಗಿ ಬಂದ ರೋಗಿಯನ್ನು ನೋಡುವಾಗ ಇರುತ್ತದಲ್ಲ, ಅದು. ಹೊರಡುವಾಗ ಇದನ್ನು ತೆಗೆದುಕೊಂಡು ಹೋಗಲೇ ಎಂದು ಕೇಳಿದರು. ಮಗಳನ್ನು ಕೇಳುವಾಗ ನಾನು ಸಹ ಅಷ್ಟು ಸಂಕೋಚದಿಂದ ಕೇಳಿರಲಿಲ್ಲ.

ಕೆಲವು ವಾರಗಳ ಮೇಲೆ ಅವರ ಮನೆಗೆ ಹೋದಾಗ ಊಟದ ಮೇಜಿನ ಮೇಲೆ ಅದು ನಿಂತಿತ್ತು. ನನ್ನ ಬೆರಳಚ್ಚುಗಳೆಲ್ಲ ಎಮರಿ ಕಾಗದಕ್ಕೆ ಬಲಿಯಾಗಿದ್ದವು. ಬಿರುಕುಗಳಿಗೆ ಪುಟ್ಟಿ ತುಂಬಿ, ನೀರು ಹಾಕಿ ಉಜ್ಜಿ, ಮತ್ತೆ ತುಂಬಿ, ಮತ್ತೆ ಉಜ್ಜಿ, ಇಡೀ ನೌಕೆ ಒಂದೇ ತುಂಡಿನಲ್ಲಿ ಹುಟ್ಟಿದಂತೆ ಮಾಡಿದ್ದರು. ಮೇಲೆ ಎಳನೀರಿನ ಗಂಜಿಯ ಬಿಳುಪಿನ ಬಣ್ಣ. ಅದನ್ನು ಹಚ್ಚಿದ್ದಾರೆಂದು ಅನ್ನಿಸುತ್ತಿರಲಿಲ್ಲ, ಬೆಳಕೇ ಅಲ್ಲಿ ಬಂದು ಕೂತಂತಿತ್ತು. ನಾನು ಉಸಿರು ಬಿಗಿಹಿಡಿದು ನೋಡಿದೆ, ಉಸಿರು ತಾಗಿದರೆ ಮಾಸೀತೆಂಬ ಭಯ. ಪರೀಕ್ಷಕರೆಂದು ಮಾತ್ರ ತಿಳಿದಿದ್ದ ಮನುಷ್ಯನ ಕೈಗೆ ಇಂಥ ಕಸುಬು ಗೊತ್ತಿತ್ತೇ ಎಂದು ಬೆರಗಾದೆ. ಅತ್ತೆ ಮಾತ್ರ, ಊಟದ ಮೇಜು ಸಿಗದೆ ತಾವಿಬ್ಬರೂ ನೆಲದ ಮೇಲೆ ಕೂತು ಉಣ್ಣುತ್ತಿರುವ ಸಮಾಚಾರವನ್ನು ಯಾವ ಬೆರಗೂ ಇಲ್ಲದೆ ತಿಳಿಸಿದರು.

ಹೆಮ್ಮೆ ತಡೆಯಲಾರದೆ ನಾನು ಅದನ್ನೂ ಮಾವನನ್ನೂ ಇಂದಿರಾನಗರದ ಡಾಕ್ಟರ್ ಸೆಲ್ವಂ ಅವರಲ್ಲಿಗೆ ಕರೆದೊಯ್ದೆ. ಸೆಲ್ವಂ ನನ್ನ ಹಲ್ಲಿನ ವೈದ್ಯರು. ಭಾನುವಾರ ಬೆಳಿಗ್ಗೆ ಅವರ ಕ್ಲಿನಿಕ್ಕಿನಲ್ಲಿ ಹಲ್ಲು ನೋವಿಲ್ಲದ ಕೆಲವರು ಸೇರುತ್ತಿದ್ದರು. ಹಡಗು, ಟ್ಯಾಂಕು, ವಿಮಾನಗಳ ಮಾದರಿಗಳನ್ನು ಕಟ್ಟುವ ಹವ್ಯಾಸಿಗಳು. ಹಲ್ಲು ಕೆರೆಯುವ ಸಲಕರಣೆಯಷ್ಟು ಒಳ್ಳೆಯ ಆಯುಧ ಈ ಹವ್ಯಾಸಕ್ಕೆ ಬೇರೆ ಇಲ್ಲವಂತೆ. ಅವರೆಲ್ಲ ನೌಕೆಯನ್ನು ಸುತ್ತುವರಿದು ಬಹಳ ಹೊತ್ತು ಮೆಚ್ಚಿಕೊಂಡರು. ಆಮೇಲೆ ಸೆಲ್ವಂ ತಮ್ಮ ತಮಿಳು ಬೆರೆತ ಮೃದುವಾದ ಕನ್ನಡದಲ್ಲಿ ಹೇಳಿದರು: ‘ಅಂಕಲ್, ಇಂಥ ಫಿನಿಶ್ ನಮ್ಮಲ್ಲಿ ಯಾರ್ಗೂ ಬರಲ್ಲ. ಆದ್ರೆ ಇದು ಇನ್ನೂ ಎಲ್ಲೂ ಹೋಗಿ ಬಂದಂಗಿಲ್ಲ.’

ಸಾಮಾನು ಹೊತ್ತು ಗ್ರಹದಿಂದ ಗ್ರಹಕ್ಕೆ ತಿರುಗುವ ನೌಕೆ ಹೀಗೆ ಮದುಮಗಳಂತೆ ಇರುವುದುಂಟೇ ಎಂಬುದು ಅವರ ಅಭಿಪ್ರಾಯ. ಹೊಸದಾಗಿ ಕಟ್ಟಿದ ಮಾದರಿಗೆ ಬಿಸಿಲು, ಧೂಳು, ಎಣ್ಣೆ, ತುಕ್ಕು, ಗೀರುಗಳ ಗುರುತನ್ನು ಬಣ್ಣದಿಂದಲೇ ಮೂಡಿಸಿ ಅದನ್ನು ಹಳತಾಗಿಸುವುದು ಈ ಹವ್ಯಾಸದ ಶಿಖರವಂತೆ. ಕನ್ನಡದಲ್ಲಿ ನಾವು ಮಾಸಿದ ಗುರುತನ್ನೂ ಕಲೆಯೆನ್ನುತ್ತೇವೆ, ಶಿಲ್ಪ ಸಂಗೀತಗಳನ್ನೂ ಕಲೆಯೆನ್ನುತ್ತೇವೆ. ಭಾಷೆಯ ಬಡತನವೆಂದು ನಾನು ತಿಳಿದಿದ್ದುದು ಅದರ ದೂರದೃಷ್ಟಿಯೆಂದು ಅಂದು ಗೊತ್ತಾಯಿತು. ಮಾವ ನೌಕೆಯನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಕೂತರು. ಒಂದು ಜನ್ಮವಿಡೀ ಒಂದು ಕಲೆಯನ್ನೂ ಬಿಡದೆ ಹಿಡಿದ ಮನುಷ್ಯನಿಗೆ ಈಗ ನಿಮ್ಮ ಕೈಯಾರೆ ಕಲೆ ಮಾಡಿ ಎಂದರೆ ಹೇಗಾಗಬೇಡ! ನಾನು ಸೆಲ್ವಂ ಅವರನ್ನೂ ನನ್ನನ್ನೂ ಮನಸ್ಸಿನಲ್ಲೇ ಬೈದುಕೊಂಡೆ.

ಮರುದಿನ ಬೆಳಿಗ್ಗೆ ಫೋನು ಬಂತು. ಕುಶಲಪ್ರಶ್ನೆಯಿಲ್ಲದೆ ಮಾವ ನೇರ ವಿಷಯಕ್ಕೆ ಬಂದರು. ‘ಅಲ್ರೀ, ಎಲ್ಲಿಗೆ ಹೋಗಿ ಬಂದಿದೆ ಅಂತ ಗೊತ್ತಾಗದೆ ಕೊಳೆ ಹೆಂಗ್ರೀ ಹಚ್ಚೋದು? ಕಲೆ ಅನ್ನೋದು ಸುಮ್ನೆ ಬರಲ್ಲ. ಒಳಗೆ ಏನೋ ಆಗಿದ್ರೇನೇ ಹೊರಗೆ ಕಾಣೋದು.’

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಕಲಾಯಾತ್ರೆ. ರಜೆ ಬಂದರೆ ಮಾವ ನನ್ನ ಆ ಅನುತ್ತೀರ್ಣ ಸ್ಕೂಟರಿನ ಹಿಂದೆ ಕೂತು ಹೊರಡುತ್ತಿದ್ದರು. ಕೆ.ಆರ್. ಪುರದ ರೈಲು ನಿಲ್ದಾಣದ ಸೇತುವೆಯ ಮೇಲೆ ನಿಂತು ಗೂಡ್ಸ್ ಬೋಗಿಗಳನ್ನು ನೋಡಿದೆವು: ಬಾಗಿಲ ತಿರುಗಣಿಯ ಕೆಳಗೆ ತುಕ್ಕು ಇಳಿದಿರುವ ರೀತಿ, ಚಕ್ರದ ಬಳಿಯ ಕಂದು ಧೂಳು. ಮಹದೇವಪುರದ ನೀರಿನ ಟ್ಯಾಂಕರುಗಳ ಹಿಂಭಾಗದಲ್ಲಿ ಹಸಿರು ಪಾಚಿಯ ಜಾಡನ್ನು ಹಿಡಿದು ಎಲ್ಲಿ ಸೋರುತ್ತಿದೆಯೆಂದು ಮಾವ ಪತ್ತೆ ಹಚ್ಚಿದರು. ಹಲಸೂರಿನಲ್ಲಿ ನಾನು ಹಾನಿ ನೋಡಲು ಹೋಗುತ್ತಿದ್ದ ಗ್ಯಾರೇಜಿಗೂ ಅವರನ್ನು ಕರೆದೊಯ್ದೆ. ಅಲ್ಲಿ ನನ್ನ ವಿದ್ಯೆಗೆ ಮೊದಲ ಬಾರಿಗೆ ಶ್ರೋತೃವೊಬ್ಬರು ಸಿಕ್ಕರು. ಹಳೆಯ ಗೀರಿನಲ್ಲಿ ಧೂಳು ಕೂತಿರುತ್ತದೆ, ಹೊಸತು ಹೊಳೆಯುತ್ತದೆ; ಬಾಗಿಲ ಅಂಚು ಸವೆಯುವುದು ಗುದ್ದಿನಿಂದಲ್ಲ, ಉಂಗುರ ತೊಟ್ಟ ಕೈಯಿಂದ ಎಂದೆಲ್ಲ ನಾನು ವಿವರಿಸಿದೆ. ಅವರು ಗಂಭೀರವಾಗಿ ತಲೆಯಾಡಿಸಿದರು. ಅಳಿಯನಾದ ಮೇಲೆ ನನಗೆ ಸಂದ ಮೊದಲ ಮರ್ಯಾದೆ ಅದು. ದೀಪಾವಳಿಯ ಪಂಚೆಗಿಂತ ಅದು ದೊಡ್ಡದೆನ್ನಿಸಿತು.

ನಗರ ನನಗೆ ಬೇರೆಯಾಗಿ ಕಾಣತೊಡಗಿತು. ಶಿವಾಜಿನಗರದ ಬಸ್ಸಿನ ಮೆಟ್ಟಿಲ ಬಳಿಯ ಕಂಬಿಯಲ್ಲಿ ಬಣ್ಣ ಹೋಗಿ ಉಕ್ಕು ಹೊಳೆಯುತ್ತಿದ್ದರೆ, ಎಷ್ಟು ಸಾವಿರ ಜನ ಓಡಿಬಂದು ಅಲ್ಲೇ ಕೈ ಹಾಕಿದ್ದಾರೆಂದು ಎದೆ ತುಂಬಿಬರುತ್ತಿತ್ತು. ಕೊಳಕಿನ ಊರು ಎಂದು ಗೊಣಗುತ್ತಿದ್ದ ನಾನೇ ಈಗ ಕೊಳೆಯ ರಸಿಕನಾದೆ. ಆಫೀಸಿನಲ್ಲಿ ಮಾತ್ರ ಇದನ್ನು ಹೇಳಿಕೊಳ್ಳಲಿಲ್ಲ. ಹಾನಿಯನ್ನು ಮೆಚ್ಚಿಕೊಳ್ಳುವ ಅಂದಾಜುದಾರನನ್ನು ಯಾವ ವಿಮಾ ಕಂಪನಿಯೂ ಇಟ್ಟುಕೊಳ್ಳುವುದಿಲ್ಲ.

ಇಷ್ಟು ನೋಡಿಬಂದರೂ ಮಾವನ ಕುಂಚ ಬಿಳುಪಿನ ಮೇಲೆ ಇಳಿಯಲಿಲ್ಲ. ಹತ್ತಿರ ತರುತ್ತಿದ್ದರು, ನಿಲ್ಲಿಸುತ್ತಿದ್ದರು. ಕೊನೆಗೆ ಒಂದು ಸಂಜೆ ಅವರು ನೌಕೆಗೆ ಒಂದು ಜಾತಕ ಬರೆಯುವವರಂತೆ ಮಾತಾಡತೊಡಗಿದರು. ಇದು ಉಪ್ಪು ಗಾಳಿಯ ಒಂದು ಗ್ರಹದಲ್ಲಿ ಬಹಳ ದಿನ ನಿಂತಿತ್ತು ಎಂದರು, ಆದ್ದರಿಂದ ಹೊಟ್ಟೆಯ ಕೆಳಗೆ ಬಣ್ಣ ಎದ್ದಿದೆ. ಇದರ ಇಂಜಿನಿಯರು ಒಳ್ಳೆಯವನು, ಆದರೆ ಅವಸರದವನು. ಎಣ್ಣೆ ಹಾಕುವಾಗಲೆಲ್ಲ ಬಲಗಡೆ ಚೆಲ್ಲುತ್ತಾನೆ. ಅಡುಗೆಯವನು ಹೊಗೆಯನ್ನು ಹಿಂದಿನ ಕಿಂಡಿಯಿಂದ ಬಿಡುತ್ತಾನೆ, ಮಾಡಬಾರದು, ಆದರೂ ಮಾಡುತ್ತಾನೆ. ಒಂದೊಂದು ಸಂಗತಿ ನಿಶ್ಚಯವಾದ ಮೇಲೆ ಅದರ ಕಲೆ ತಾನಾಗಿಯೇ ಬಂತು. ಅತ್ತೆಯ ಉಪ್ಪಿನ ಜಾಡಿಯಿಂದ ಕಲ್ಲುಪ್ಪು ತಂದು ನೀರಿನಲ್ಲಿ ಅಂಟಿಸಿ, ಮೇಲೆ ಬಣ್ಣ ಊದಿ, ಒಣಗಿದ ಮೇಲೆ ಉಪ್ಪನ್ನು ಉದುರಿಸಿದರೆ ಥೇಟ್ ಉಪ್ಪುಗಾಳಿ ತಿಂದ ಲೋಹ. ಕಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುವಾಗಿ ಕರಗಿಸಿ ಸಂದುಗಳಿಗೆ ಹರಿಯಬಿಟ್ಟು, ಉಳಿದದ್ದನ್ನು ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒರೆಸಿದರೆ ಮಳೆ ಇಳಿದ ಜಾಡು. ದೇವರ ದೀಪದ ಮಸಿಯಿಂದ ಅಡುಗೆಯವನ ಹೊಗೆ. ಪಾತ್ರೆ ತಿಕ್ಕುವ ಸ್ಪಂಜಿನ ಚೂರನ್ನು ಬಣ್ಣದಲ್ಲಿ ಅದ್ದಿ ಅಂಚುಗಳಿಗೆ ತಾಗಿಸಿದರೆ ಕಿತ್ತುಹೋದ ಬಣ್ಣ. ಅಡುಗೆಮನೆಯೇ ಖಾಲಿಯಾಗುತ್ತಿದೆಯೆಂದು ಅತ್ತೆ ಗದರಿದರು. ಆಮೇಲೆ ಆ ಇಂಜಿನಿಯರಿಗೆ ಮದುವೆಯಾಗಿದೆಯೇ ಎಂದು ವಿಚಾರಿಸಿದರು.

ನಾನು ಪ್ರಬಂಧಗಳನ್ನು ಬರೆಯುವವನು, ಕಥೆ ಕಟ್ಟುವುದು ನನ್ನ ಪ್ರಾಂತವೆಂದು ನಂಬಿದವನು. ಮಾವ ಜೀವಮಾನದಲ್ಲಿ ಕಥೆ ಪುಸ್ತಕ ಮುಟ್ಟಿದವರಲ್ಲ. ಅವರ ಬಾಯಿಂದ ಹೀಗೆ ಒಬ್ಬೊಬ್ಬರಾಗಿ ಜನ ಇಳಿದು ಬರುವುದನ್ನು ಕೇಳುತ್ತ, ಅಸೂಯೆ ಪಡಲೂ ಮರೆತು ಕೂತಿರುತ್ತಿದ್ದೆ. ನನ್ನ ಜೊತೆ ತವರಿಗೆ ಬಂದ ವಸುಧಾ ಒಳಕೋಣೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿರುತ್ತಿದ್ದಳು. ಒಂದು ದಿನ ನಾನು ನೀರು ಕುಡಿಯಲು ಒಳಗೆ ಹೋದಾಗ ಅವಳ ಕೆಂಪು ಪೆನ್ನು ಮುಚ್ಚಳ ಹಾಕಿಕೊಂಡು ಮಲಗಿತ್ತು. ಅವಳು ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತು ಅಪ್ಪ ಹೇಳುತ್ತಿದ್ದುದನ್ನು ಕೇಳುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಕೆಲಸ ಮುಗಿಯುತ್ತ ಬಂತು. ಮೊಳದುದ್ದದ ಆ ನೌಕೆ ಈಗ ಎಷ್ಟೋ ಆಕಾಶಗಳನ್ನು ಕಂಡಂತಿತ್ತು. ಒಂದೇ ಒಂದು ಕಡೆ ಮಾತ್ರ ಮೊದಲಿನ ಬಿಳುಪು ಹಾಗೇ ಉಳಿದಿತ್ತು: ಮುಂಭಾಗದಲ್ಲಿ, ಕ್ಯಾಪ್ಟನ್ ಹತ್ತಿ ಇಳಿಯುವ ಪುಟ್ಟ ಬಾಗಿಲಿನ ಸುತ್ತ. ಯಾಕೆ ಬಿಟ್ಟಿದ್ದೀರಿ ಎಂದು ನಾನು ಕೇಳಿದೆ. ಮಾವ ಕುಂಚವನ್ನು ಒರೆಸಿ, ಒಳಕೋಣೆಯ ಕಡೆ ತಿರುಗಿ ಕರೆದರು.

‘ವಸು, ಸ್ವಲ್ಪ ಬಾಮ್ಮ ಇಲ್ಲಿ.’

ಅವಳು ಬಂದು ನಿಂತಳು.

‘ಇದರ ಕ್ಯಾಪ್ಟನ್ ಹೆಂಗಸು. ಅವಳು ಎಲ್ಲಿ ಕೈ ಇಡ್ತಾಳೆ, ಎಲ್ಲಿ ಕಾಲು ಊರ್ತಾಳೆ, ನಂಗೆ ಗೊತ್ತಾಗ್ತಿಲ್ಲ. ನೀನೇ ಹೇಳ್ಬೇಕು.’

ಅತ್ತೆ ಅಡುಗೆಮನೆಯಲ್ಲಿ ನಲ್ಲಿಯನ್ನು ನಿಲ್ಲಿಸಿದರು. ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದನ್ನು ವಸುಧಾ, ದನಿ ಏರಿಸದೆ, ತರಗತಿಯಲ್ಲಿ ಲೆಕ್ಕ ಕೇಳುವವಳಂತೆ ಕೇಳಿದಳು. ‘ಆವತ್ತು ಯಾಕೆ ಬೇಡ ಅಂದ್ರಿ ಅಪ್ಪ?’

ಮಾವ ನೌಕೆಯನ್ನೇ ನೋಡುತ್ತಿದ್ದರು. ‘ಹೆದರಿಕೆ ಆಯ್ತಮ್ಮ. ಏಟು ಬಿದ್ದು ರಿಪೇರಿಗೆ ಬಂದ ವಿಮಾನಗಳನ್ನ ದಿನಾ ನೋಡ್ತಿದ್ದೆ. ಚೆನ್ನಾಗಿ ಹಾರಾಡ್ಕೊಂಡಿರೋವು ನಮ್ಮ ಹತ್ರ ಯಾಕೆ ಬರ್ತವೆ? ನಂಗೆ ಎಲ್ಲಾ ವಿಮಾನಾನೂ ಹಂಗೇ ಕಾಣ್ತಿತ್ತು.’

‘ಅದನ್ನ ಆವತ್ತೇ ಹೇಳಿದ್ರೆ ಆಗ್ತಿತ್ತಲ್ಲ.’

‘ಹೇಳ್ಬೇಕಿತ್ತು. ಬೇಡ ಅನ್ನೋದು ಸುಲಭವಾಗಿತ್ತು.’

ದಿನವೆಲ್ಲ ಜಜ್ಜಿಹೋದ ಕಾರುಗಳನ್ನು ನೋಡಿ, ರಸ್ತೆಯಲ್ಲಿ ಆಮೆಯಂತೆ ಸ್ಕೂಟರು ಓಡಿಸುವ ನನಗೆ ಆ ಹೆದರಿಕೆ ಅಪರಿಚಿತವಾಗಿರಲಿಲ್ಲ. ಸುರಕ್ಷಿತವಾಗಿ ಮನೆ ಸೇರಿದ ಲಕ್ಷಾಂತರ ಕಾರುಗಳು ನನ್ನ ಆಫೀಸಿನ ಬಾಗಿಲಿಗೂ ಬರುವುದಿಲ್ಲ. ಆದರೆ ಅದನ್ನು ಹಾಗೆ, ನೆಪಗಳ ಬಣ್ಣ ಬಳಿಯದೆ, ಬೆಳೆದ ಮಗಳೆದುರು ಹೇಳಿದ ಆ ಮನುಷ್ಯನ ಮೇಲೆ ನನಗಾದ ಗೌರವವನ್ನು ಹೇಗೆ ಹೇಳಲಿ?

ವಸುಧಾ ಅವರನ್ನು ತಬ್ಬಿಕೊಳ್ಳಲಿಲ್ಲ. ನಮ್ಮ ಮನೆಗಳಲ್ಲಿ ಅದು ರೂಢಿಯಿಲ್ಲ. ಕುರ್ಚಿ ಎಳೆದು ಕೂತಳು. ನೌಕೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಕಣ್ಣು ಮುಚ್ಚಿ, ಬಾಗಿಲೊಂದನ್ನು ದಾಟುವವಳಂತೆ ಗಾಳಿಯಲ್ಲಿ ಕೈ ಆಡಿಸಿದಳು. ಆಮೇಲೆ ಬಾಗಿಲಿನ ಪಕ್ಕದ ಒಂದು ಜಾಗವನ್ನು ಕಿರುಬೆರಳಿನಿಂದ ತೋರಿಸಿದಳು.

‘ಇಲ್ಲಿ. ಹತ್ತೋವಾಗ ಅಲ್ಲ, ಇಳಿದ ಮೇಲೆ. ವಾಪಸ್ ಬಂದ್ಮೇಲೆ ಇಲ್ಲಿ ಒಂದು ಸಲ ಕೈ ಇಟ್ಟು ಹೋಗ್ತಾಳೆ. ಬ್ರಷ್ ಕೊಡಿ.’

ಮಾವ ಕುಂಚ ಕೊಟ್ಟರು. ಬಣ್ಣ ಹೆಚ್ಚಾಯಿತು, ಒರೆಸಿಕೋ, ಕುಂಚ ಒಣಗಿದಂತೆಯೇ ಇರಬೇಕು, ಸುಮ್ಮನೆ ಸೋಕಿಸು ಎಂದೆಲ್ಲ ಹೇಳಿಕೊಟ್ಟರು. ಅವಳು ಎದುರು ಮಾತಾಡಿದಳು. ಅವರು ತಿದ್ದಿದರು. ಅವಳು ಒಪ್ಪಲಿಲ್ಲ. ಬಿಳಿಯ ಬಣ್ಣ ಒಂದು ಅಂಗೈಯ ಆಕಾರದಲ್ಲಿ ಸವೆದು ಒಳಗಿನ ಲೋಹ ಕಾಣುವಂತಾಗುವ ಹೊತ್ತಿಗೆ ಅಪ್ಪ ಮಗಳು ಚೆನ್ನಾಗಿಯೇ ಜಗಳವಾಡುತ್ತಿದ್ದರು. ಅತ್ತೆ ನನಗೆ ಕಣ್ಣಿನಲ್ಲೇ ಸುಮ್ಮನಿರುವಂತೆ ಸೂಚಿಸಿ, ಸದ್ದಾಗದಂತೆ ಕಾಫಿ ಇಟ್ಟು ಹೋದರು.

ಸೆಲ್ವಂ ಅವರ ಗೆಳೆಯರು ಹಲಸೂರಿನ ಒಂದು ಸಭಾಂಗಣದಲ್ಲಿ ಏರ್ಪಡಿಸಿದ ಪ್ರದರ್ಶನದಲ್ಲಿ ನಮ್ಮ ನೌಕೆಯ ಸುತ್ತ ಜನ ನಿಂತೇ ಇದ್ದರು. ಸೆಲ್ವಂ ಭೂತಗನ್ನಡಿ ಹಿಡಿದು ಇಡೀ ನೌಕೆಯನ್ನು ನೋಡಿ, ಕೊನೆಗೆ ಆ ಬಾಗಿಲಿನ ಬಳಿ ಬಂದು ಅಲ್ಲೇ ನಿಂತುಬಿಟ್ಟರು. ಇದು ಯಾವ ಸಿನಿಮಾದ ನೌಕೆಯೆಂದು ಯಾರೋ ಕೇಳಿದಾಗ ಮಾವ ಸಿನಿಮಾದ್ದಲ್ಲ, ನಮ್ಮ ಮನೆಯದು ಎಂದರು. ಬಲಗಡೆಯ ಎಣ್ಣೆಯ ಕಲೆಗೆ ಕಾರಣನಾದ ಇಂಜಿನಿಯರಿನ ಸ್ವಭಾವವನ್ನು ಸಾವಧಾನವಾಗಿ ವಿವರಿಸಿದರು. ಬಹುಮಾನಗಳನ್ನು ಕೊಡುವ ಪದ್ಧತಿ ಅಲ್ಲಿರಲಿಲ್ಲ. ಇದ್ದಿದ್ದರೂ ಮಾವನಿಗೆ ಅದು ತಿಳಿಯುತ್ತಿರಲಿಲ್ಲ, ಅಷ್ಟು ಮಾತಿನಲ್ಲಿ ಮುಳುಗಿದ್ದರು.

ಹೊಸ ಶತಮಾನ ಬಂದು ಸ್ವಲ್ಪ ಕಾಲವಾಗಿತ್ತು. ನಗರದ ಉತ್ತರಕ್ಕಿರುವ ಒಂದು ಹಾರಾಟದ ಮೈದಾನದಲ್ಲಿ ಇಬ್ಬರು ಕೂರುವ, ಮೇಲೆ ಮುಚ್ಚಿಗೆಯಿಲ್ಲದ ಪುಟ್ಟ ವಿಮಾನದಲ್ಲಿ ಯಾರನ್ನು ಬೇಕಾದರೂ ಒಂದು ಸುತ್ತು ಕರೆದೊಯ್ಯುತ್ತಾರೆಂದು ವಸುಧಾ ಎಲ್ಲಿಂದಲೋ ತಿಳಿದುಕೊಂಡು ಬಂದಳು. ಈ ಸಲ ಅವಳು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮುಂದಿನ ಶನಿವಾರ ಹೋಗುತ್ತಿದ್ದೇನೆ ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿದಳು, ಅಷ್ಟೆ. ಶನಿವಾರ ನಾವು ಹೊರಡುವ ಹೊತ್ತಿಗೆ ಮಾವ, ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಅತ್ತೆಯೊಡನೆ ನಮ್ಮ ಗೇಟಿನ ಮುಂದೆ ನಿಂತಿದ್ದರು.

ಮೈದಾನದಲ್ಲಿ ಅವರು ಆ ಪುಟ್ಟ ವಿಮಾನದ ಸುತ್ತ ನಿಧಾನವಾಗಿ ನಡೆದರು. ರೆಕ್ಕೆಯ ಅಂಚಿನ ಮೇಲೆ ಬೆರಳಾಡಿಸಿದರು. ಇಂಜಿನಿನ ಕೆಳಗೆ ಒಂದು ಕಪ್ಪು ಗುರುತು ಕಂಡು, ಕರ್ಚೀಫಿನಿಂದ ಒರೆಸಿ ಮೂಸಿ ನೋಡಿದರು. ಸೇನೆಯಿಂದ ನಿವೃತ್ತರಾಗಿದ್ದ ಪೈಲಟ್ ಬೇಸರಿಸದೆ, ಅಂದು ಬೆಳಿಗ್ಗೆ ಎಣ್ಣೆ ಬದಲಾಯಿಸುವಾಗ ಚೆಲ್ಲಿತೆಂದು ಹೇಳಿದರು. ಮಾವ ಮತ್ತೆ ಬಗ್ಗಿ, ಒರೆಸಿದ ಜಾಗ ಒಣಗಿಯೇ ಇರುವುದನ್ನು ಕಾದು ನೋಡಿ, ಪಕ್ಕಕ್ಕೆ ಸರಿದು ನಿಂತರು. ಮಗಳಿಗೆ ಹೋಗಿ ಬಾ ಎಂದರು.

ವಿಮಾನ ನೆಲ ಬಿಟ್ಟಿತು. ನಾನು ಅದನ್ನು ನೋಡುವುದಕ್ಕಿಂತ ಹೆಚ್ಚಾಗಿ ಮಾವನ ಮುಖವನ್ನು ನೋಡುತ್ತಿದ್ದೆ. ಅವರು ಒಂದು ಕ್ಷಣವೂ ಕಣ್ಣು ತೆಗೆಯಲಿಲ್ಲ. ವಿಮಾನ ಹದ್ದಿನಷ್ಟಾಗಿ, ಗುಬ್ಬಿಯಷ್ಟಾಗಿ, ದೊಡ್ಡ ಸುತ್ತು ಹಾಕಿ ಮತ್ತೆ ಬೆಳೆಯುತ್ತ ಬಂದು ನೆಲ ಮುಟ್ಟಿತು. ಇಳಿದು ಬಂದ ವಸುಧಾಳ ಕೂದಲು ಕೆದರಿತ್ತು, ಕೆನ್ನೆಯ ಮೇಲೆ ಹೆಲ್ಮೆಟ್ಟಿನ ಪಟ್ಟಿಯ ಗುರುತು ಕೆಂಪಗೆ ಮೂಡಿತ್ತು. ನಾನು ಮದುವೆಯಾಗುವ ಮುಂಚಿನ, ನನಗೆ ಪರಿಚಯವೇ ಇಲ್ಲದ ಒಬ್ಬ ಹುಡುಗಿ ಅವಳ ಮುಖದಲ್ಲಿದ್ದಳು.

‘ಅಪ್ಪ, ನೀವೂ ಒಂದು ಸುತ್ತು ಹೋಗ್ಬನ್ನಿ’ ಎಂದಳು.

ಆಗ ಅತ್ತೆ ನನ್ನ ಕಿವಿಯ ಬಳಿ, ಇವರು ಇವತ್ತಿನವರೆಗೂ ವಿಮಾನ ಹತ್ತಿದವರೇ ಅಲ್ಲ ಎಂದು ಪಿಸುಗುಟ್ಟಿದರು. ನನಗೆ ನಂಬಲಾಗಲಿಲ್ಲ. ಅವರು ಒಪ್ಪಿಗೆ ಕೊಟ್ಟ ಎಷ್ಟೋ ವಿಮಾನಗಳು ಯಾವ ಯಾವ ಆಕಾಶದಲ್ಲೋ ಹಾರುತ್ತಿದ್ದವು. ಅವರು ಮಾತ್ರ ಎಲ್ಲವನ್ನೂ ನೆಲದ ಮೇಲೆ ನಿಂತು ನೋಡಿ ಕಳುಹಿಸಿದವರು. ಮಾವ ಮಗಳನ್ನು ನೋಡಿದರು, ವಿಮಾನವನ್ನು ನೋಡಿದರು. ಬೇಡವೆನ್ನಲು ಅವರ ಬಾಯಿ ತೆರೆಯಿತೆಂದೇ ನನಗನ್ನಿಸಿತು. ಆದರೆ ಅವರು ಬಗ್ಗಿ ಚಪ್ಪಲಿ ಬಿಟ್ಟರು. ದೇವಸ್ಥಾನದ ಮುಂದೆ ಬಿಡುವಂತೆ, ಹುಲ್ಲಿನ ಮೇಲೆ ಜೋಡಿಸಿ. ಹಾಕಿಕೊಂಡೇ ಹತ್ತಬಹುದೆಂದು ಪೈಲಟ್ ಹೇಳಿದರೂ ಕೇಳಲಿಲ್ಲ. ಬರಿಗಾಲಲ್ಲಿ ಹತ್ತಿ ಕೂತರು. ವಸುಧಾ ತಾನು ಆಗಷ್ಟೇ ಕಲಿತ ಹಾಗೆ ಅವರ ಎದೆಯ ಪಟ್ಟಿಯನ್ನು ಎಳೆದು ಬಿಗಿದಳು, ಮತ್ತೊಮ್ಮೆ ಎಳೆದು ನೋಡಿದಳು, ಹೆಲ್ಮೆಟ್ಟಿನ ಗುಂಡಿ ಹಾಕಿದಳು.

ವಿಮಾನ ಓಡಿತು, ಎದ್ದಿತು, ಮರಗಳನ್ನು ದಾಟಿತು. ವಸುಧಾ ಹುಲ್ಲಿನ ಮೇಲಿದ್ದ ಚಪ್ಪಲಿಗಳನ್ನು ಎತ್ತಿಕೊಂಡು ನನ್ನ ಪಕ್ಕದಲ್ಲಿ ನಿಂತಳು. ಅಪ್ಪನ ಬಿಳಿ ಅಂಗಿ ಒಂದು ಚುಕ್ಕೆಯಾಗಿ, ಆ ಚುಕ್ಕೆಯೂ ಬಿಸಿಲಿನಲ್ಲಿ ಕರಗುವವರೆಗೆ ಅವಳು ನೋಡುತ್ತಲೇ ಇದ್ದಳು.

‘ಹೆದರಿಕೆ ಆಗ್ತಿದೆ ಕಣ್ರೀ’ ಎಂದಳು ಆಮೇಲೆ, ಮೆಲ್ಲಗೆ.

ದೂರದಲ್ಲಿ ರೆಕ್ಕೆಯೊಂದು ಹೊಳೆದು ನಮ್ಮ ಕಡೆಗೆ ತಿರುಗಿತು. ಅವಳು ಚಪ್ಪಲಿಗಳನ್ನು ಎದೆಗೊತ್ತಿಕೊಂಡೇ ಮೈದಾನದ ಅಂಚಿನವರೆಗೂ ನಡೆದುಹೋದಳು.